ಸ್ಪ್ರಿಂಗಿನ ಅಳತೆ

ಮೋಟರ್‌ಸೈಕಲ್ಲಿನ ಸ್ಪ್ರಿಂಗಿಗೂ ಮನೆಮಂದಿ ಓದುವ ಪತ್ರಿಕೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ತಾಳವಾಡಿ ಕಡೆಯವರಾದ ನಮಗೆ ಸಂಬಂಧವುಂಟು. ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು. ಬೆನ್ನುನೋವಿನಿಂದ ಬಳಲುವ ನಮ್ಮ ಶ್ರೀಮತಿಯವರನ್ನು ಹಿಂದೆ ಕೂರಿಸಿಕೊಂಡು ತಿಂಗಳಿಗೊಮ್ಮೆ ವೈದ್ಯರಲ್ಲಿಗೆ ಇಳಿಯುವಾಗ, ತಿರುವಿನಲ್ಲಿ ಬ್ರೇಕ್ ಹಿಡಿದೊಡನೆ ವಾಹನದ ಮುಂಭಾಗವು ತಳಮುಟ್ಟುವಂತೆ ಕುಸಿಯುತ್ತಿತ್ತು. ಮುಂದಿನ ಫೋರ್ಕಿನ ಸ್ಪ್ರಿಂಗುಗಳು ಸೋತಿದ್ದುವು. ಅವುಗಳಿಗಿಂತ ಬಿರುಸಾದ ಹೊಸ ಜೋಡಿಯನ್ನು ತರಿಸಿ ಹಾಕಿಸಿದೆವು.

ಕುಸಿತವೇನೋ ನಿಂತಿತು. ಆದರೆ ಗುಂಡಿಗುಂಡಿಯ ಪೆಟ್ಟೂ ಕೈಗೆ ಬಡಿಯತೊಡಗಿತು. ಹಿಂದಿನಿಂದ, "ಹಳೇದೇ ವಾಸಿಯಾಗಿತ್ತಲ್ರೀ" ಎಂಬ ಮಾತೂ ಕೇಳಿಬಂದಿತು.

ನಮ್ಮಲ್ಲೇ ಓದಿದ ಮೆಕ್ಯಾನಿಕ್ ಹುಡುಗ ನಕ್ಕು, "ಹಾಕೋದು ಅರ್ಧ ಕೆಲಸ ಮೇಷ್ಟ್ರೇ, ಇನ್ನು ಅಳೀಬೇಕು" ಎಂದನು. ಮುಂದಿನ ಚಕ್ರವನ್ನು ನೆಲದಿಂದೆತ್ತಿ, ಫೋರ್ಕಿನ ಹೊಳೆಯುವ ಕೊಳವೆ ಎಷ್ಟು ಹೊರಗಿದೆಯೆಂದು ಟೇಪಿನಲ್ಲಿ ಅಳೆದುಕೊಂಡನು. ಬಳಿಕ ದಂಪತಿಗಳಿಬ್ಬರನ್ನೂ ಕೂರಿಸಿ, ಒಮ್ಮೆ ಮುಂಭಾಗವನ್ನು ಒತ್ತಿ ಬಿಟ್ಟು, ಒಮ್ಮೆ ಎತ್ತಿ ಬಿಟ್ಟು ಅಳೆದನು. ಕುಗ್ಗಿದ್ದು 22 ಮತ್ತು 18 ಮಿಲಿಮೀಟರ್, ಸರಾಸರಿ 20. ಫೋರ್ಕಿನ ಒಟ್ಟು ಚಲನೆ 130. ನಮ್ಮಂಥ ರಸ್ತೆಯ ವಾಹನವು ಸವಾರರ ಭಾರಕ್ಕೆ ಅದರ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಕುಗ್ಗಿರಬೇಕು. ಹಾಗಿದ್ದರೆ ಮಾತ್ರ ಚಕ್ರವು ಗುಂಡಿಯೊಳಕ್ಕೂ ಇಳಿದು ನೆಲದ ಹಿಡಿತ ಬಿಡದೆ ನಡೆಯುವುದು. ಹಿಡಿತ ತಪ್ಪಿದ ಚಕ್ರಕ್ಕೆ ಬ್ರೇಕಿದ್ದೂ ಫಲವಿಲ್ಲ.

ಎಳೆತ ಎಷ್ಟೋ ಬಲವೂ ಅಷ್ಟು ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿಯೇ ಪ್ರಕಟಿಸಿದನು. ನಾವೂ ಅದನ್ನು ತರಗತಿಯಲ್ಲಿ ಹೇಳುತ್ತ ಬಂದವರೇ. ಸ್ಪ್ರಿಂಗಿನ ಮೇಲೆ ಕೂರುವ ಸ್ಪೇಸರ್ ಕೊಳವೆಯನ್ನು ಮೊಟಕು ಮಾಡಿದರೆ ಸ್ಪ್ರಿಂಗಿನ ಬಿರುಸು ಕಡಿಮೆಯಾಗದು. ಮೊದಲೇ ಬಿದ್ದಿರುವ ಒತ್ತಡವಷ್ಟೇ ತಗ್ಗಿ, ವಾಹನವು ಅಷ್ಟು ಕೆಳಗೆ ನಿಲ್ಲುವುದು. ಹುಡುಗನು ಎರಡೂ ಕಡೆಯ ಸ್ಪೇಸರುಗಳಿಂದ 15 ಮಿಲಿಮೀಟರ್ ಸಮನಾಗಿ ಕೊಯ್ದನು. ಮತ್ತೆ ಅಳೆದಾಗ ಕುಗ್ಗು 35.

ಅಷ್ಟರಲ್ಲೇ ಎಣ್ಣೆಯ ಮಟ್ಟವನ್ನೂ ನೋಡಿದನು. ಸ್ಪ್ರಿಂಗ್ ತೆಗೆದು, ಫೋರ್ಕನ್ನು ಪೂರ್ತಿ ಒತ್ತಿಟ್ಟು, ಕೊಳವೆಯ ಬಾಯಿಂದ ಎಣ್ಣೆಯವರೆಗಿನ ಖಾಲಿ ಜಾಗವನ್ನು ಅಳೆಯಬೇಕು; ಅದು ಕೈಪಿಡಿ ಹೇಳಿದಷ್ಟಿದ್ದು ಎರಡೂ ಕಡೆ ಸಮನಾಗಿರಬೇಕು. ಎಣ್ಣೆ ಹೆಚ್ಚಾದರೆ ಒಳಗಿನ ಗಾಳಿಗೆ ಜಾಗ ಸಾಲದೆ, ಫೋರ್ಕು ತಳ ಸಮೀಪಿಸುತ್ತಲೇ ಕಲ್ಲಾಗುವುದು. ಮುಚ್ಚಳ ಬಿಚ್ಚುವಾಗಲೂ ಎಚ್ಚರ ಅಗತ್ಯ: ಕೆಳಗೆ ಸ್ಪ್ರಿಂಗಿನ ಒತ್ತಡವಿರುವುದರಿಂದ ಅದು ಮುಖಕ್ಕೆ ಸಿಡಿಯಬಹುದು, ವಾಹನಕ್ಕೆ ಆಧಾರ ಕೊಡದಿದ್ದರೆ ಮುಂಭಾಗವೇ ಕುಸಿದೀತು.

ಈಗ ಘಟ್ಟದಲ್ಲಿ ಬ್ರೇಕ್ ಹಿಡಿದರೆ ಮುಂಭಾಗವು ಹದವಾಗಿ ಬಾಗುತ್ತದೆ, ತಳಮುಟ್ಟುವುದಿಲ್ಲ. ಶ್ರೀಮತಿಯವರ ದೂರೂ ನಿಂತಿದೆ. ಬಿರುಸಾದದ್ದೆಲ್ಲ ಭದ್ರವೆಂದು ನಂಬುವವರು ನಮ್ಮ ವೃತ್ತಿಯಲ್ಲಿಯೂ ಬಹಳ ಮಂದಿ. ಹೊರುವ ಭಾರಕ್ಕೆ ತಕ್ಕಷ್ಟು ಬಾಗುವ ಗುಣವಿದ್ದಾಗಲೇ ಬಿರುಸಿಗೂ ಬೆಲೆ. ಆದುದರಿಂದ ಹೊಸ ಸ್ಪ್ರಿಂಗ್ ಕೊಳ್ಳುವ ವಾಚಕರು, ಹಾಕಿಸಿದ ದಿನವೇ ಮನೆಯವರನ್ನೂ ಕೂರಿಸಿಕೊಂಡು ಒಮ್ಮೆ ಟೇಪು ಹಿಡಿಸಿ ನೋಡಲೆಂದು ನಮ್ಮ ವಿನಂತಿ.