ಒಂದು ಪರದೆಯೋ, ಮೂರು ಪರದೆಯೋ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಅವರು ಇಂದು ಇದ್ದಿದ್ದರೆ ‘ಟೀವಿ ಕೊಂಡು ನೋಡು’ ಎಂಬ ಮೂರನೆಯದನ್ನೂ ಸೇರಿಸುತ್ತಿದ್ದರೋ ಏನೋ. ಮನೆಗೂ ಮದುವೆಗೂ ಬೇಕಾಗುವಷ್ಟು ದುಡ್ಡು ಇದಕ್ಕೆ ಬೇಡ, ನಿಜ. ಆದರೆ ನಡೆಯುವ ಚರ್ಚೆ ಮಾತ್ರ ಅವೆರಡಕ್ಕಿಂತ ಒಂದು ಹಿಡಿ ಹೆಚ್ಚೇ.

ನಾವು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸುವ ಗುಮಾಸ್ತರು. ಊರು ತಿಪಟೂರಿನ ಕಡೆ. ವಾಸ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸು. ಅದರೊಳಗೆ ನಾವು, ನಮ್ಮಾಕೆ, ಹನ್ನೊಂದನೆಯ ತರಗತಿಯ ಮಗ, ಏಳನೆಯ ತರಗತಿಯ ಮಗಳು, ಮತ್ತು ತಂದೆಯವರು ತೀರಿಕೊಂಡ ಮೇಲೆ ನಮ್ಮೊಡನೆ ಬಂದು ನೆಲೆಸಿದ ಅಮ್ಮ. 2025ರ ದೀಪಾವಳಿಗೆ ಮೂರು ವಾರವಿದೆ ಎನ್ನುವಾಗ ನಮ್ಮ ಹಳೆಯ ಟೀವಿ ಕಣ್ಣು ಮುಚ್ಚಿತು.

ಕೈಯಲ್ಲಿ ಕಾಸು ಇಲ್ಲದಿರಲಿಲ್ಲ. ಗುಮಾಸ್ತರ ತಿಂಗಳ ಸಂಬಳ 7000 ರೂಪಾಯಿ ಎಂದೇ ಹಿಡಿದು 30 ದಿನಕ್ಕೆ ಲೆಕ್ಕ ಹಾಕಿ ಸರ್ಕಾರ ಕೊಡುವ ಹಬ್ಬದ ಬೋನಸ್ಸು 6908 ರೂಪಾಯಿ. ಅದರ ಜೊತೆಗೆ ನಮ್ಮಾಕೆ ಚೀಟಿ ಎತ್ತಿದ ಹಣ. ಸಾಲದ್ದಕ್ಕೆ, ಆ ವರ್ಷದ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿತ್ತು. ಹೀಗಾಗಿ 55 ಇಂಚಿನದೊಂದು ತರೋಣವೆಂದು ನಾವು ಬಾಯಿ ತೆರೆದೆವು.

ಮಗ ತನ್ನ ಅರ್ಜಿಯನ್ನು ಮುಂದಿಟ್ಟ. “ಅಪ್ಪಾ, ಈಗ ಟೀವಿ ಯಾರಿಗೆ ಬೇಕು? ಎಲ್ಲಾ ಫೋನಲ್ಲೇ ಬರುತ್ತೆ. ಅದೇ ದುಡ್ಡಿಗೆ 24 ಇಂಚಿನ ಮೂರು ಮಾನಿಟರ್ ಬರುತ್ತೆ. ಓದೋದಕ್ಕೂ ಆಗುತ್ತೆ, ಗೇಮ್ ಆಡೋದಕ್ಕೂ ಆಗುತ್ತೆ.”

ಓದು ಎಂಬ ಮಾತು ಎಲ್ಲಿ ಮೊದಲು ಬರುತ್ತದೋ ಅಲ್ಲಿ ಆಟ ಹಿಂದೆಯೇ ಬಚ್ಚಿಟ್ಟುಕೊಂಡಿರುತ್ತದೆ ಎಂಬುದು ತಂದೆಯಾದವರಿಗೆಲ್ಲ ಗೊತ್ತು. ಆದರೂ ಅರ್ಜಿ ಬಂದ ಮೇಲೆ ಪರಿಶೀಲಿಸದೆ ತಿರಸ್ಕರಿಸುವುದು ಕಚೇರಿಯ ಪದ್ಧತಿಯಲ್ಲ. ನಾವು ಬಿಎಸ್ಸಿಯಲ್ಲಿ ಓದಿದ ಭೌತಶಾಸ್ತ್ರಕ್ಕೆ ಇಪ್ಪತ್ತು ವರ್ಷದಿಂದ ಕೆಲಸವೇ ಸಿಕ್ಕಿರಲಿಲ್ಲ. ಕಾಗದ, ಪೆನ್ಸಿಲು ಹಿಡಿದು ಕುಳಿತೆವು.

ಪರದೆಯನ್ನು ಅಳೆಯುವುದು ಕರ್ಣದಿಂದ, ಅಂದರೆ ಮೂಲೆಯಿಂದ ಮೂಲೆಗೆ. 55 ಇಂಚಿನ ಟೀವಿಯ ಅಗಲ ಸುಮಾರು 48 ಇಂಚು, ಎತ್ತರ 27. 24 ಇಂಚಿನ ಮಾನಿಟರುಗಳು ಮೂರನ್ನು ಸಾಲಾಗಿ ಇಟ್ಟರೆ ಅಗಲ 63 ಇಂಚು, ಎತ್ತರ ಒಂದಡಿಗೂ ತುಸು ಕಡಿಮೆ. ಮೂರೂ ಸೇರಿದರೂ ವಿಸ್ತೀರ್ಣದಲ್ಲಿ ಟೀವಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. “ನೋಡಪ್ಪಾ, ದುಡ್ಡಿಗೆ ತಕ್ಕ ಮಾಲು ಯಾವುದು?” ಎಂದೆವು, ತೆಂಗಿನಕಾಯಿ ಕೊಳ್ಳುವವರ ಧಾಟಿಯಲ್ಲಿ.

ಮಗನೂ ವಿಜ್ಞಾನದ ವಿದ್ಯಾರ್ಥಿಯೇ. ಅವನಿಗೆ ಪ್ರಿಯವಾದದ್ದು ಕಾರು ಓಡಿಸುವ ಆಟ. “ಟೀವಿ ಗೋಡೆ ಮೇಲಿರುತ್ತೆ, ನಾವು ಕೂರೋದು ಏಳಡಿ ದೂರ. ಕಣ್ಣಿಗೆ ಎಷ್ಟು ಡಿಗ್ರಿ ತುಂಬುತ್ತೆ ಹೇಳಿ?” ಲೆಕ್ಕ ಹಾಕಿದರೆ ಸುಮಾರು 32 ಡಿಗ್ರಿ. ಮಾನಿಟರುಗಳನ್ನಾದರೋ ಎರಡಡಿ ದೂರದಲ್ಲಿ, ಎರಡು ಬದಿಯವನ್ನು ಒಳಕ್ಕೆ ಬಾಗಿಸಿ ಇಟ್ಟರೆ 140 ಡಿಗ್ರಿಯ ಹತ್ತಿರ. ಪಕ್ಕದಲ್ಲಿ ನುಗ್ಗಿ ಬರುವ ಕಾರು ಕಣ್ಣಂಚಿನಲ್ಲೇ ಕಾಣುತ್ತದೆ. ನಡುವೆ ಚೌಕಟ್ಟಿನ ಕಪ್ಪು ಗೆರೆ ಬಂದರೂ ಅದು ಕಾರಿನ ಕಿಟಕಿಯ ಕಂಬದಂತೆ ಹೊಂದಿಕೊಳ್ಳುತ್ತದೆ. ಇನ್ನು ವೇಗ. ಸಾಮಾನ್ಯ ಟೀವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸಿದರೆ ಅವನು ಆರಿಸಿದ ಮಾನಿಟರು 144 ಸಲ. ಒಂದೊಂದು ಚಿತ್ರಕ್ಕೆ ಅಲ್ಲಿ 16.7 ಮಿಲಿಸೆಕೆಂಡು, ಇಲ್ಲಿ 7. ಅಲ್ಲದೆ ಟೀವಿ ಚಿತ್ರವನ್ನು ಚಂದಗಾಣಿಸಲು ಒಳಗೊಳಗೇ ಹೊತ್ತು ತೆಗೆದುಕೊಳ್ಳುವುದರಿಂದ ಗುಂಡಿ ಒತ್ತಿದ್ದಕ್ಕೂ ಕಾರು ತಿರುಗಿದ್ದಕ್ಕೂ ಅಂತರ ಬೀಳುತ್ತದೆ. ‘ಗೇಮ್ ಮೋಡ್’ ಹಾಕಿದರೆ ಆ ಅಲಂಕಾರವೆಲ್ಲ ನಿಂತು ಅಂತರ ಬಹಳ ಕಡಿಮೆಯಾಗುತ್ತದೆ ಎಂಬುದನ್ನೂ ಅವನೇ ಹೇಳಿದ. ಹುಡುಗ ಎದುರುಪಕ್ಷದ ಸಾಕ್ಷ್ಯವನ್ನು ಮುಚ್ಚಿಡಲಿಲ್ಲ ಎಂದು ನಮಗೆ ಒಳಗೇ ಹೆಮ್ಮೆ.

ಆಟ ಒಂದನ್ನೇ ನೋಡಿದರೆ ಅವನ ವಾದವೇ ಗಟ್ಟಿ. ಅದನ್ನು ಇಲ್ಲವೆನ್ನಲು ನಮ್ಮ ಭೌತಶಾಸ್ತ್ರಕ್ಕೆ ಸಾಧ್ಯವಾಗಲಿಲ್ಲ.

ಆಗ ಅಡುಗೆಮನೆಯಿಂದ ನಮ್ಮಾಕೆ ಒಂದೇ ಒಂದು ಪ್ರಶ್ನೆ ಹಾಕಿದಳು. “ಆ ಮೂರು ಪರದೆ ಮುಂದೆ ಎಷ್ಟು ಜನ ಕೂತ್ಕೋಬಹುದೋ?”

“ಒಬ್ರೇ ಅಮ್ಮಾ. ಸರಿಯಾಗಿ ನಡುವೆ ಕೂತೋರಿಗೆ ಮಾತ್ರ ಅದು ಹೊಂದೋದು.”

ನಾವು ಅಳೆಯದೆ ಬಿಟ್ಟಿದ್ದ ಅಳತೆ ಇದು. ಹೊರನಾಡಿನಲ್ಲಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ, ತಮ್ಮತಮ್ಮಲ್ಲೂ ಹಿಂದಿಯೇ. ಕನ್ನಡ ಉಳಿದಿರುವುದು ಅಜ್ಜಿಯೊಡನೆ, ಅದೂ ರಾತ್ರಿ ಟೀವಿಯ ಮುಂದೆ. ಅಮ್ಮನಿಗೆ ಹಿಂದಿ ಬಾರದು. ಕನ್ನಡ ಧಾರಾವಾಹಿಯೇ ಅವರ ತಿಪಟೂರು. “ಈ ಹುಡುಗಿ ಯಾಕೋ ಅಳ್ತಾಳೆ? ನಿನ್ನೆ ಚೆನ್ನಾಗೇ ಇದ್ದಳಲ್ಲ?” ಎಂದು ಅವರು ಕೇಳುವುದು, ಮೊಮ್ಮಕ್ಕಳು ನಗುತ್ತಾ ವಿವರಿಸುವುದು, ಅವರು ಅದಕ್ಕೊಂದು ಗಾದೆ ಸೇರಿಸುವುದು. ಟೀವಿ ಇಲ್ಲದ ಆ ಮೂರು ವಾರ ಎಲ್ಲರೂ ತಂತಮ್ಮ ಫೋನು ಹಿಡಿದು ಮೂಲೆ ಸೇರಿದರು. ಮನೆ ನಿಶ್ಶಬ್ದವಾಗಿತ್ತು. ಮಕ್ಕಳ ಬಾಯಿಂದ ನಮ್ಮ ಕಿವಿಗೆ ಬಿದ್ದ ಕನ್ನಡವೆಂದರೆ “ಅಜ್ಜಿ, ಊಟಕ್ಕೆ ಬಾ” ಎಂಬ ಒಂದೇ ವಾಕ್ಯ.

1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಬಂದ ಕಾಲವನ್ನು ನೆನೆದುಕೊಳ್ಳಿ. ಬೀದಿಗೊಂದು ಟೀವಿ, ಅದರ ಮುಂದೆ ಬೀದಿಯೇ. ಆಮೇಲೆ ಮನೆಗೊಂದಾಯಿತು, ಈಗ ಅಂಗೈಗೊಂದು. ಅದರ ಮುಂದಿನ ಮೆಟ್ಟಿಲು ಒಬ್ಬನಿಗೇ ಮೂರು. ಕಾಲವನ್ನು ತಡೆಯುವ ಅಧಿಕಾರ ಗುಮಾಸ್ತರಿಗಿಲ್ಲ. ಆದರೆ ಮಗ ಇನ್ನು ಒಂದೂವರೆ ವರ್ಷಕ್ಕೆ ಯಾವ ಊರಿನ ಕಾಲೇಜೋ, ಯಾವ ಹಾಸ್ಟೆಲ್ಲೋ. ಅಮ್ಮನಿಗೆ ಎಪ್ಪತ್ತೆಂಟು. ಈ ಇಬ್ಬರೂ ಒಂದೇ ಸೂರಿನಡಿ ಕಳೆಯುವ ಸಂಜೆಗಳು ಇನ್ನೆಷ್ಟು ಎಂಬ ಲೆಕ್ಕವನ್ನು ನಾವು ಕಾಗದದ ಮೇಲೆ ಮಾಡಲಿಲ್ಲ, ಮನಸ್ಸಿನಲ್ಲಿ ಆಗಿಹೋಯಿತು.

ಟೀವಿಯೇ ಬಂತು, 55 ಇಂಚಿನ ಫೋರ್‌ಕೆ. ಮಗನಿಗೂ ಅನ್ಯಾಯವಾಗಬಾರದೆಂದು ಅವನ ಕಂಪ್ಯೂಟರಿನಿಂದ ಟೀವಿಗೆ ಉದ್ದನೆಯ ಎಚ್‌ಡಿಎಂಐ ತಂತಿ ಎಳೆದೆವು. ಅಲ್ಲೊಂದು ತೊಡಕು. ಫೋರ್‌ಕೆ ಪರದೆಯಲ್ಲಿ ಚುಕ್ಕಿಗಳು 82,94,400. ಮೂರು ಮಾನಿಟರುಗಳಲ್ಲಿ ಒಟ್ಟು 62,20,800. ಅಷ್ಟೊಂದು ಚುಕ್ಕಿ ಬರೆಯಲು ಅವನ ಗ್ರಾಫಿಕ್ಸ್ ಕಾರ್ಡು ಏದುಸಿರು ಬಿಡುತ್ತಿತ್ತು. ಕೊನೆಗೂ ಬಿಎಸ್ಸಿ ಕೆಲಸಕ್ಕೆ ಬಂತು. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲದ್ದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಏಳಡಿ ದೂರಕ್ಕೆ ಅದು ಸುಮಾರು 0.62 ಮಿಲಿಮೀಟರು. ಆಟವನ್ನು ಫೋರ್‌ಕೆಯ ಕಾಲುಭಾಗದಷ್ಟು, ಅಂದರೆ 1920 ಗುಣಿಸು 1080 ಚುಕ್ಕಿಗಳಲ್ಲೇ ಓಡಿಸಿದರೂ ಒಂದೊಂದು ಚುಕ್ಕಿ ಈ ಟೀವಿಯ ಮೇಲೆ 0.63 ಮಿಲಿಮೀಟರು. ಹೆಚ್ಚುಕಡಿಮೆ ಕಣ್ಣಿನ ಮಿತಿಯಷ್ಟೇ! ಆದ್ದರಿಂದ ಹೊಸ ಕಾರ್ಡು ಬೇಕಾಗಲಿಲ್ಲ, ಸೋಫಾ ಕದಲಿಸಬೇಕಾಗಲಿಲ್ಲ. ಓದಿಗೆ ಅವನ ಕೋಣೆಯ ಹಳೆಯ ಮಾನಿಟರು ಇದ್ದೇ ಇದೆ. ಸಣ್ಣ ಅಕ್ಷರಕ್ಕೆ ಹತ್ತಿರದ ಪರದೆಯೇ ಸರಿ.

ಈಗ ನಮ್ಮ ಮನೆಯಲ್ಲಿ ಎಂಟರಿಂದ ಒಂಬತ್ತೂವರೆ ಅಮ್ಮನ ಪಾಳಿ. ಶನಿವಾರ, ಭಾನುವಾರ ಮಧ್ಯಾಹ್ನ ಮಗನದು. ಅಮ್ಮ ಅವನ ಪಾಳಿಯಲ್ಲೂ ಏಳುವುದಿಲ್ಲ. “ನಿಧಾನ ಕಣೋ, ಅಲ್ಲಿ ತಿರುವಿದೆ!” ಎಂದು ಸೋಫಾದ ಕೈ ಹಿಡಿದುಕೊಳ್ಳುತ್ತಾರೆ. “ಅಜ್ಜಿ, ಬ್ರೇಕ್ ಹಾಕಿದ್ರೆ ಸೋತ್‌ಹೋಗ್ತೀನಿ” ಎಂದು ಅವನು ಅಚ್ಚ ಕನ್ನಡದಲ್ಲಿ ರೇಗುತ್ತಾನೆ. ಪಕ್ಕದಲ್ಲಿ ನುಗ್ಗುವ ಕಾರು ಕಾಣದೆ ಅವನು ಗುದ್ದಿಸಿಕೊಳ್ಳುವುದುಂಟು. ಗೆಳೆಯರ ಮುಂದೆ ಹಿಂದೆ ಬೀಳುವುದೂ ಉಂಟು. ಆ ನಷ್ಟ ಅವನದು, ನಮ್ಮದಲ್ಲ. ಅದನ್ನು ಸಣ್ಣದೆಂದು ನಾವು ಹೇಳುವುದಿಲ್ಲ.

ನಾವು ಲೆಕ್ಕ ಹಾಕಿದ ಹಾಳೆಯ ಬೆನ್ನಿಗೆ ಅವನು ತನ್ನ ಭಿನ್ನಾಭಿಪ್ರಾಯವನ್ನು ದಾಖಲಿಸಿ ಸಹಿ ಮಾಡಿದ್ದಾನೆ: ಮೊದಲ ಸಂಬಳಕ್ಕೆ ಮೂರು ಮಾನಿಟರು. ನಾವು ಅದಕ್ಕೆ ‘ನೋಡಿದೆ’ ಎಂದು ಬರೆದು, ಕೆಳಗೆ ಒಂದು ಷರತ್ತು ಸೇರಿಸಿದೆವು: ಅವನ ಆ ಕೋಣೆಯಲ್ಲಿ ಅಪ್ಪ ಅಮ್ಮನಿಗೆ ಎರಡು ಕುರ್ಚಿ ಇರತಕ್ಕದ್ದು, ಪಕ್ಕಕ್ಕಾದರೂ ಸರಿ.