ಕೊಳೆತದ್ದು ಫೈಬರ್ ಅಲ್ಲ

ಆಳಂದದ ಅಮರ್ಜಾ ಜಲಾಶಯದಲ್ಲಿ ಬಲೆ ಬೀಸುವ ನರೋಣಾ ಕಡೆಯ ಮೀನುಗಾರನೊಬ್ಬನ ಹಳೆಯ ದೋಣಿಯ ತಳಹಲಗೆ ಕಾಲಿಟ್ಟಲ್ಲಿ ಕುಸಿಯತೊಡಗಿತ್ತು.

‘ಯಪ್ಪಾ, ಫೈಬರೂ ಕೊಳಿತದೇನು?’ ಎಂದ ಹತ್ತನೇ ತರಗತಿಯ ಮಗ.

‘ಫೈಬರ್ ಅಲ್ಲೋ ತಮ್ಮಾ, ಒಳಗಿನ ಪ್ಲೈವುಡ್.’

ನಿಜವೇ. ಗಾಜಿನ ನಾರಿಗೆ ಶಿಲೀಂಧ್ರ ಹತ್ತದು. ಶೇಕಡಾ 20ಕ್ಕಿಂತ ಕಡಿಮೆ ತೇವವಿರುವ ಮರಕ್ಕೂ ಹತ್ತದು. ಸ್ಕ್ರೂ ತೂತಿನಿಂದ ಇಳಿದ ಮಳೆನೀರು ಒಳಗೇ ಉಳಿದಾಗ ಮಾತ್ರ ಅದಕ್ಕೆ ಹಬ್ಬ. ಪೂರ್ತಿ ಮುಳುಗಿದ ಮರವಾದರೂ ಗಾಳಿ ಸಿಗದೆ ಇಷ್ಟು ಬೇಗ ಕೊಳೆಯುವುದಿಲ್ಲ!

ಮೇಲೊಂದು ಹಲಗೆ ಬಡಿದಿದ್ದರೆ ನಾಲ್ಕು ದಿನದ ದುಡಿಮೆ ಉಳಿಯುತ್ತಿತ್ತು. ಆದರೆ ದೋಣಿಯ ಪಕ್ಕೆಗಳನ್ನು ಬಿಗಿಹಿಡಿಯುವುದೂ ತಳಹಲಗೆಯೇ. ಮಗನೂ ಹತ್ತುವ ದೋಣಿ ಅದು. ಅಪ್ಪ ಎಲ್ಲವನ್ನೂ ಕಿತ್ತ. ಅಡ್ಡಪಟ್ಟಿಗಳನ್ನು ಸುತ್ತಿಗೆಯಿಂದ ತಟ್ಟಿ, ಮಂಕು ಸದ್ದು ಬಂದದ್ದನ್ನೂ ತೆಗೆದ. ಒಳಭಾಗ ಬಿಸಿಲಿಗೆ ಒಣಗಿತು. ಹೊಸ ಹಲಗೆಯ ಅಂಚುಗಳಿಗೂ ರೆಸಿನ್ ಬಳಿದದ್ದಾಯಿತು. ಸ್ಕ್ರೂ ತೂತುಗಳಿಗೆ ರೆಸಿನ್ ತುಂಬುವ ಕೆಲಸ ಮಗನ ಪಾಲಿಗೆ ಬಂತು.