ಅಜ್ಜಿಯ ಮಾತುಗಳು

ನಮ್ಮ ಶಾಲೆ ಉಮರಗಾ ತಾಲೂಕಿನ ಒಂದು ಗಡಿಹಳ್ಳಿಯಲ್ಲಿದೆ. ತರಗತಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಶಾಲೆಗೆ ಇದ್ದದ್ದು ಒಂದೇ ಗಣಕಯಂತ್ರ. 2019ರ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅದರ ಗುಂಡಿ ಒತ್ತಿದೆ. ಹಾಜರಿ ಕರೆದು ಮುಗಿಯಿತು, ಪ್ರಾರ್ಥನೆಯೂ ಮುಗಿಯಿತು, ಆಗ ಪರದೆ ಬೆಳಗಿತು. ಆದರೆ ಬಾಣದ ಗುರುತು ಅಲ್ಲಾಡಲೇ ಇಲ್ಲ.

"ಇನ್ನು ಇದನ್ನು ಗುಜರಿಗೆ ಹಾಕೋಣ" ಎಂದರು ಮುಖ್ಯಾಧ್ಯಾಪಕರು.

ನನಗೆ ಮನಸ್ಸು ಬರಲಿಲ್ಲ. ಅದರೊಳಗೆ 'ಅಜ್ಜಿಯ ಮಾತುಗಳು' ಎಂಬ ಕಡತವಿತ್ತು. ನಮ್ಮ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬಂದು, ಊರಿನ ಹಳೆಯ ಕನ್ನಡ ಶಬ್ದಗಳನ್ನು ಎರಡು ವರ್ಷ ಅದರಲ್ಲಿ ಬರೆದಿಟ್ಟಿದ್ದರು. ಐದನೆಯ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಅವರು ಹೇಳಿಕೊಟ್ಟ ಮಾತುಗಳು ಬೇರೆಲ್ಲಿಯೂ ಇರಲಿಲ್ಲ.

ಯಂತ್ರದ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಎಸ್.ಟಿ. ಬಸ್ಸು ಹತ್ತಿದೆ. ನಿಲಂಗಾದಲ್ಲಿ ಬಸ್ಸು ಬದಲಿಸಿ ಉದಗೀರ ಮುಟ್ಟಿದಾಗ ಮಧ್ಯಾಹ್ನ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಣಕಯಂತ್ರ ದುರಸ್ತಿಯ ಅಂಗಡಿ ಇಟ್ಟಿದ್ದಾನೆ.

"ಗುರೂಜಿ, ಯಂತ್ರ ಕೆಟ್ಟಿಲ್ಲ. ಒಳಗಿನ ತಂತ್ರಾಂಶ ಅದಕ್ಕ ಭಾರ ಆಗ್ಯದ. ಲಿನಕ್ಸ್ ಹಾಕಿ ನೋಡೂಣು" ಎಂದ.

ನನಗೆ ದಿಗಿಲಾಯಿತು. ಐವತ್ತು ದಾಟಿದವನು ಮತ್ತೆ ಮೊದಲಿನಿಂದ ಕಲಿಯಬೇಕೇ? ಅವನು ನಕ್ಕು ಒಂದು ಪೆನ್‌ಡ್ರೈವ್ ಚುಚ್ಚಿದ. "ಇದರಿಂದಲೇ ನಡೆಸಿ ನೋಡ್ರಿ. ಬ್ಯಾಡಾದ್ರ ತಗದುಬಿಡೂಣು. ಒಳಗಿಂದು ಏನೂ ಅಳಿಯಂಗಿಲ್ಲ."

ಪರದೆ ಬೆಳಗಿತು. ಕೆಳಗೆ ಒಂದು ಪಟ್ಟಿ. ಅದರ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ತೆರೆದ ಕಿಟಕಿಗಳ ಹೆಸರುಗಳೆಲ್ಲ ನಡುವೆ ಸಾಲಾಗಿ. ಯಾರೂ ಹೇಳಿಕೊಡದೆ ನನ್ನ ಕೈ ಎಡಮೂಲೆಗೆ ಹೋಯಿತು. ಎಲ್ಲವೂ ನನಗೆ ಗೊತ್ತಿದ್ದ ಜಾಗದಲ್ಲೇ ಇತ್ತು!

ಲಿನಕ್ಸನ್ನು 1991ರಲ್ಲಿ ಆರಂಭಿಸಿದವನು ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್. ಅದನ್ನು ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ಹಾಗಾಗಿ ಅದಕ್ಕೆ ಹಲವು ರೂಪಗಳಿವೆ. ನಾನು ಕಂಡದ್ದು 'ಲಿನಕ್ಸ್ ಮಿಂಟ್' ಎಂಬ ರೂಪ. 2011ರಲ್ಲಿ, ಬಹಳ ಜನ ಬಳಸುತ್ತಿದ್ದ 'ಗ್ನೋಮ್' ಎಂಬ ಪರದೆಯ ವ್ಯವಸ್ಥೆಯನ್ನು ಅದರ ತಯಾರಕರು ಪೂರ್ತಿ ಬದಲಿಸಿದರು. ರೂಢಿಯಾದವರಿಗೆ ತಮ್ಮ ಮನೆಯಲ್ಲೇ ದಾರಿ ತಪ್ಪಿದಂತಾಯಿತು. ಆಗ ಅರ್ಜೆಂಟೀನಾ ದೇಶದ ಒಬ್ಬ ಬಳಕೆದಾರ ಹಳೆಯದನ್ನೇ ಎತ್ತಿಕೊಂಡು ಮುಂದುವರಿಸಿದ. ತನ್ನ ನಾಡಿನ ಚಹಾದಂಥ ಒಂದು ಪಾನೀಯದ ಹೆಸರನ್ನೇ ಅದಕ್ಕೆ ಇಟ್ಟ. ಆ ಹೆಸರು 'ಮಾತೆ'. ನಮ್ಮ ಮಕ್ಕಳಿಗೆ ಇದನ್ನು ಹೇಳಿದಾಗ, "ಮಾತೆ ಅಂದ್ರ ಅವ್ವ ಅಲ್ಲೇನ್ರೀ ಗುರೂಜಿ?" ಎಂದು ಕೇಳಿದರು. ಚಹಾ ಎಂದರೆ ಒಬ್ಬರೂ ಒಪ್ಪಲಿಲ್ಲ.

ಅಂಗಡಿಯಲ್ಲಿ ನಮ್ಮ ಕಡತ ಸಿಕ್ಕಿತು. ತೆರೆದರೆ ಒಂದೂ ಕನ್ನಡ ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕೆಗಳ ರಾಶಿ. ಹಿಂದೆ ಬಳಸಿದ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂಡಿಸಿ ತೋರಿಸುತ್ತಿತ್ತು. ಆ ಫಾಂಟ್ ಇಲ್ಲದಿದ್ದರೆ ಕನ್ನಡವೇ ಇಲ್ಲ. ಈಗಿನ ಯುನಿಕೋಡ್ ಪದ್ಧತಿಯಲ್ಲಿ ಹಾಗಿಲ್ಲ. ಕನ್ನಡದ 'ಕ' ಅಕ್ಷರಕ್ಕೆ 3221, ಮರಾಠಿಯ 'ಕ' ಅಕ್ಷರಕ್ಕೆ 2325, ಹೀಗೆ ಅಕ್ಷರಗಳಿಗೆ ಅವುಗಳದ್ದೇ ಸಂಖ್ಯೆಗಳಿವೆ. ಬರೆದದ್ದು ಯಾವ ಊರಿನ ಯಂತ್ರಕ್ಕೆ ಹೋದರೂ ಅದೇ ಅಕ್ಷರ.

"ಬದಲಿಸುವ ಸಾಧನ ಅದ, ನೋಡ್ತೀನಿ. ಆದ್ರ ಪೂರಾ ಸರಿ ಬರಂಗಿಲ್ಲ" ಎಂದ ನನ್ನ ವಿದ್ಯಾರ್ಥಿ. ಎರಡು ದಿನಗಳ ಬಳಿಕ ಹೋದಾಗ ಲಿನಕ್ಸ್ ಯಂತ್ರದಲ್ಲೇ ನೆಲೆಯೂರಿತ್ತು. ಯಾವುದೋ ಹಾಳಾದ ಯಂತ್ರದಿಂದ ತೆಗೆದ ರ‍್ಯಾಮ್ ಕೂಡ ಹಾಕಿದ್ದ. ಹಣ ಕೊಡಹೋದರೆ ಕೈ ಹಿಂದೆ ಕಟ್ಟಿಕೊಂಡ.

ಶಾಲೆಯಲ್ಲಿ ಹೊಸ ಕೀಲಿಮಣೆ ಪದ್ಧತಿ ಕಲಿತೆವು. ಅದರ ಹೆಸರು ಇನ್‌ಸ್ಕ್ರಿಪ್ಟ್. ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನಗಳು. ಕನ್ನಡದ 'ಕ' ಇರುವ ಕೀಲಿಯಲ್ಲೇ ಮರಾಠಿಯ 'ಕ' ಇದೆ. 'ನಗರ' ಎಂದು ಬರೆದು, ಭಾಷೆ ಬದಲಿಸಿ, ಅದೇ ಮೂರು ಕೀಲಿ ಒತ್ತಿದರೆ ಮರಾಠಿಯ 'ನಗರ'! ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಇದು ಹಬ್ಬವೇ ಆಯಿತು. ಮೂರೇ ದಿನಗಳಲ್ಲಿ ಅವರ ಬೆರಳು ಓಡತೊಡಗಿದವು. ನನ್ನವು ಇನ್ನೂ ಅಕ್ಷರ ಹುಡುಕುತ್ತಿದ್ದವು. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳೂ ಲಿನಕ್ಸ್ ಬಳಸುತ್ತಾರೆ ಎಂದು ಹೇಳಿದಾಗ, ಅವರಿಗೆ ಪತ್ರ ಬರೆಯೋಣವೆಂದು ಕುಣಿದರು.

ಕಡತ ತೆರೆದೆವು. ಕನ್ನಡ ಬಂದಿತ್ತು, ತಪ್ಪುಗಳೂ ಬಂದಿದ್ದವು. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಇಡುತ್ತಿದ್ದರು. ಸಾಧನ ಅದನ್ನು ಅಲ್ಲೇ ಬಿಟ್ಟಿತ್ತು. ಅಜ್ಜಿಯನ್ನು ಕಳೆದುಕೊಂಡ ಹುಡುಗಿ ತನ್ನ ಅಜ್ಜಿಯ ಸಾಲುಗಳನ್ನು ಬೆರಳಿಟ್ಟು ಓದುತ್ತ ಬಂದಳು. ಒಂದು ಕಡೆ ನಿಂತಳು. ಪರದೆಯಲ್ಲಿ 'ಕಚಿರ್ಕಾಯಿ' ಎಂದಿತ್ತು.

"ನಮ್ಮ ಆಯಿ ಹಿಂಗ ಅಂತಿದ್ದಿಲ್ಲರೀ" ಎಂದಳು.

ಬಾಣವನ್ನು ಅಲ್ಲಿಗೆ ಒಯ್ದು, 'ರ್' ಅಳಿಸಿ, 'ಚಿ'ಯ ಮೊದಲು ಇಟ್ಟಳು. ಕರ್ಚಿಕಾಯಿ. ಆಮೇಲೆ ಮುಂದಿನ ಸಾಲಿಗೆ ಹೋದಳು.